ಓದುಗರ ಪ್ರಶ್ನೆ: ಟುಲೂಸ್‌ನ ಇಟ್ಟಿಗೆ ಮಹಲುಗಳು

ಪ್ರಶ್ನೆ: ಮಗ ಓದುತ್ತಿರುವ ಫ್ರಾನ್ಸಿನ ಟುಲೂಸ್‌ಗೆ ಸೆಪ್ಟೆಂಬರ್‌ನಲ್ಲಿ ಹೊರಟಿದ್ದೇವೆ. ಅಲ್ಲಿನ ಹಳೆಯ ಮಹಲುಗಳಿಗೆ ಒಂದೇ ದಿನ ಸಿಗುತ್ತದೆ. ಎಲ್ಲಿಂದ ಶುರು ಮಾಡಬೇಕು, ಏನನ್ನು ಗಮನಿಸಬೇಕು?
– ಓದುಗರು, ಬ್ರಹ್ಮಪುರ, ಕಲಬುರಗಿ

ಉತ್ತರ: ಸಾಧ್ಯವಾದರೆ ಮೂರನೆಯ ವಾರಾಂತ್ಯ ಇಟ್ಟುಕೊಳ್ಳಿ. ಫ್ರಾನ್ಸಿನಲ್ಲಿ ಅದು ಪರಂಪರೆಯ ದಿನ. ವರ್ಷವಿಡೀ ಮುಚ್ಚಿರುವ ಎಷ್ಟೋ ಬಾಗಿಲು ಆಗ ತೆರೆಯುತ್ತವೆ. ಈ ಮಹಲುಗಳ ಚೆಲುವೆಲ್ಲ ಒಳಅಂಗಳದಲ್ಲಿದೆ. ಬೀದಿಗೆ ಕಾಣುವುದು ಎತ್ತರದ ಗೋಡೆ, ದೊಡ್ಡ ಬಾಗಿಲು ಅಷ್ಟೆ. ನಮ್ಮ ವಾಡೆಗಳನ್ನು ಕಂಡವರಿಗೆ ಇದು ಹೊಸದೇನಲ್ಲ.

ಕ್ಯಾಪಿಟೋಲ್ ಚೌಕದಲ್ಲಿ ಮೆಟ್ರೊ ಇಳಿದು ದಕ್ಷಿಣಕ್ಕೆ ಸೇಂ ರೋಮ್ ಬೀದಿ ಹಿಡಿಯಿರಿ. ಅಲ್ಲಿಂದ ಅಸೆಜಾ ಮಹಲು, ಆಮೇಲೆ ದಾಲ್ಬಾದ್ ಬೀದಿ. ನಿಲ್ಲದೆ ನಡೆದರೆ 20 ನಿಮಿಷದ ದಾರಿ, ನೋಡುತ್ತ ಹೋದರೆ ಅರ್ಧ ದಿನ ಬೇಕು.

ಗಮನಿಸಬೇಕಾದದ್ದು ಕಲ್ಲು ಎಲ್ಲೆಲ್ಲಿದೆ ಎಂಬುದನ್ನು. ಕಲಬುರಗಿಯಲ್ಲಿ ಬಡವರ ಮನೆಗೂ ಶಹಾಬಾದ್ ಪರ್ಸಿ ಸಿಗುತ್ತದೆ. ಟುಲೂಸ್ ಸುತ್ತ ಇರುವುದು ಜೇಡಿಮಣ್ಣು. ಕಲ್ಲನ್ನು ಪಿರನೀಸ್ ಬೆಟ್ಟಗಳಿಂದ ಗರೋನ್ ನದಿಯ ಮೇಲೆ ತರಿಸಬೇಕಿತ್ತು. ಹಾಗಾಗಿ ಗೋಡೆಯೆಲ್ಲ ಇಟ್ಟಿಗೆ. ಅದೂ ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ, ಬರೀ 5 ಸೆಂ.ಮೀ. ದಪ್ಪದ್ದು. ದುಬಾರಿ ಕಲ್ಲು ಕಿಟಕಿ ಚೌಕಟ್ಟಿಗೆ, ಬಾಗಿಲಿಗೆ, ಕಂಬಕ್ಕೆ ಮಾತ್ರ. 1555ರಲ್ಲಿ ಕೆಲಸ ಶುರುವಾದ ಅಸೆಜಾ ಮಹಲಿನ ಅಂಗಳದ ನಡುವೆ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ: ಮೊದಲ ಅಂತಸ್ತಿಗೆ ಡೋರಿಕ್, ಅದರ ಮೇಲೆ ಅಯೋನಿಕ್, ತುದಿಗೆ ಕೊರಿಂಥಿಯನ್, ಹೀಗೆ ಹಳೆಯ ಗ್ರೀಕರ ಮೂರು ಶೈಲಿಯ ಕಂಬಗಳು. ಕೆಂಪಿನ ಮೇಲೆ ಬಿಳಿ ಕಲ್ಲು ಎದ್ದು ಕಾಣುತ್ತದೆ. ದಾಲ್ಬಾದ್ ಬೀದಿಯ ಒಂದು ಮಹಲಿನ ಮುಖವಂತೂ ಇಡಿಯಾಗಿ ಕಲ್ಲಿನದು. ಊರವರು ಅದನ್ನು ಕಲ್ಲಿನ ಮಹಲು ಎಂದೇ ಕರೆಯುತ್ತಾರೆ. ಆ ಊರಲ್ಲಿ ಅದಕ್ಕಿಂತ ದೊಡ್ಡ ಸಿರಿವಂತಿಕೆಯ ಪ್ರದರ್ಶನ ಇರಲಿಲ್ಲ.

ಫ್ರೆಂಚಿನಲ್ಲಿ ಇಂಥ ಮಹಲಿಗೆ 'ಓತೆಲ್' ಎನ್ನುತ್ತಾರೆ. ಹೆಸರಿನಲ್ಲಿ ಅದು ಇದ್ದ ಮಾತ್ರಕ್ಕೆ ಇಲ್ಲಿ ರೂಮ್ ಹುಡುಕಬೇಡಿ. ಅಸೆಜಾದಲ್ಲಿ ಈಗ ಕಲಾಸಂಗ್ರಹಾಲಯವಿದೆ, ಬೆರ್ನ್ವಿ ಮಹಲಿನಲ್ಲಿ ಶಾಲೆಯಿದೆ. ಉಳಿಯಲು ಕ್ಯಾಪಿಟೋಲ್ ಪಕ್ಕದಲ್ಲೇ ಗ್ರಾಂ ಬಾಲ್ಕೋಂ ಹೋಟೆಲ್ ಇದೆ. ಹಿಂದೆ ಅಂಚೆ ವಿಮಾನಗಳ ಪೈಲಟ್‌ಗಳು ತಂಗುತ್ತಿದ್ದ ಜಾಗ.

ಪ್ರಶ್ನೆ: ಟುಲೂಸ್‌ನಲ್ಲಿ ಇಂಥ ಮಹಲು ಕಟ್ಟಿಸಿದ ವ್ಯಾಪಾರಿಗಳಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು?
– ವಿದ್ಯಾರ್ಥಿನಿ, ಬೀದರ್

ಉತ್ತರ: ನೀಲಿ ಬಣ್ಣದಿಂದ. ಪಾಸ್ತೆಲ್ ಎಂಬ ಹಳದಿ ಹೂವಿನ ಗಿಡದ ಎಲೆ ಅರೆದು, ಮುಷ್ಟಿಗಾತ್ರದ ಉಂಡೆ ಕಟ್ಟಿ, ವಾರಗಟ್ಟಲೆ ಒಣಗಿಸಿ, ಮತ್ತೆ ಪುಡಿಮಾಡಿ ನೀರು ಹಾಕಿ ತಿಂಗಳುಗಟ್ಟಲೆ ಕೊಳೆಸಿದರೆ ಬಣ್ಣ ಸಿದ್ಧ. ಬೆರ್ನ್ವಿ ಮಹಲು ಕಟ್ಟಿಸಿದ ಪಾಸ್ತೆಲ್ ವ್ಯಾಪಾರಿ, 1525ರಲ್ಲಿ ಪಾವಿಯಾ ಯುದ್ಧದಲ್ಲಿ ಸೆರೆಸಿಕ್ಕ ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸ್ವಾನ ಬಿಡುಗಡೆ ಹಣಕ್ಕೆ ಜಾಮೀನು ನಿಂತವನು. 1562ರಲ್ಲಿ ಶುರುವಾದ ಧಾರ್ಮಿಕ ಯುದ್ಧಗಳು ವ್ಯಾಪಾರವನ್ನು ಮುರಿದವು. ಉಳಿದದ್ದನ್ನು ಮುಗಿಸಿದ್ದು ನಮ್ಮ ದೇಶದಿಂದ ಹೋದ ನೀಲಿ (ಇಂಡಿಗೊ): ಬಣ್ಣದ ಸತ್ವ ಅದೇ, ಆದರೆ ಎಲೆಯಲ್ಲಿ ಅದರ ಪ್ರಮಾಣ ಎಷ್ಟೋ ಹೆಚ್ಚು.

ಪ್ರಶ್ನೆ: ಅಲ್ಲಿನ ಇಟ್ಟಿಗೆ ಶತಮಾನಗಳಿಂದ ನಿಂತಿದೆ. ನಮ್ಮ ಹಳೆಯ ಮನೆಗೆ ಸಿಮೆಂಟ್ ಮೆತ್ತಿಸಿದ ಮೇಲೆ ಇಟ್ಟಿಗೆಯೇ ಉದುರುತ್ತಿದೆ. ಯಾಕೆ?
– ಓದುಗರು, ಯಾದಗಿರಿ

ಉತ್ತರ: ಅಲ್ಲಿ ಹಳಬರು ಬಳಸಿದ್ದು ಸುಣ್ಣದ ಗಾರೆ. ಗೋಡೆಯ ತೇವ ಮೆದು ಗಾರೆಯ ಮೂಲಕ ಹೊರಹೋಗುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿದರೆ ತೇವವೂ ಉಪ್ಪೂ ಇಟ್ಟಿಗೆಯೊಳಗೇ ಉಳಿದು ಅದರ ಮೈ ಸಿಡಿಯುತ್ತದೆ. ಸಿಮೆಂಟನ್ನು ಉಳಿಯಿಂದ ನಿಧಾನ ಬಿಡಿಸಿ. ಯಂತ್ರ ಹಚ್ಚಿದರೆ ಇಟ್ಟಿಗೆಯ ಅಂಚು ಒಡೆಯುತ್ತದೆ. ಸಂದನ್ನು 20–25 ಮಿ.ಮೀ. ಆಳಕ್ಕೆ ಕೆರೆದು, ನೀರು ಚಿಮುಕಿಸಿ, ಒಂದು ಪಾಲು ನೆನೆಸಿದ ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿ ತುಂಬಿ. ಬಿಸಿಲಿಗೆ ಬೇಗ ಒಣಗಿದರೆ ಬಿರಿಯುತ್ತದೆ, ಒಂದು ವಾರ ಒದ್ದೆ ಗೋಣಿಚೀಲ ಇಳಿಬಿಡಿ. ಬೇಸಿಗೆಯಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬೇಡಿ.