ಬಾಲ್ಸಾಮಿಕ್ ವಿನೆಗರ್‌ನಲ್ಲಿ ಬಾಲ್ಸಮ್ ಇರುತ್ತಾ?
ಹೆಸರಲ್ಲೇ ಬಾಲ್ಸಮ್ ಇದೆ, ಹಾಗಾದ್ರೆ ಅದನ್ನು ಹಾಕ್ತಾರಾ ಅಂತ ಕೇಳಿದ್ದೀರಿ. ಇಲ್ಲ, ಹಾಕುವುದಿಲ್ಲ. ಬಾಲ್ಸಮ್ ಅಂದರೆ ಮರದಿಂದ ಒಸರುವ ಘಮಘಮ ಅಂಟು. ಹಿಂದೆ ಮುಲಾಮಿಗೆ ಬಳಸುತ್ತಿದ್ದರು. ಮೈಗೆ ಹಿತವಾದದ್ದು ಅನ್ನುವ ಅರ್ಥದಲ್ಲಿ ಇಟಲಿಯವರು ವಿನೆಗರ್‌ಗೂ ಆ ಹೆಸರು ಕೊಟ್ಟರು.

ಕೊಳ್ಳುವಾಗ ಲೇಬಲ್ ನೋಡಿ. ಇಟಲಿಯ ಮೊದೆನಾ ಊರಿನ ‘ತ್ರಾದಿಜಿಯೊನಾಲೆ’ (ಅಂದರೆ ಸಾಂಪ್ರದಾಯಿಕ) ಆಗಿದ್ದರೆ ಅದು ಬರೀ ದ್ರಾಕ್ಷಿ ರಸವನ್ನು ಕಾಯಿಸಿ, ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಮಾಗಿಸಿದ್ದು. ಕಪ್ಪಗೆ, ಮಂದವಾಗಿ, ಚಮಚದಿಂದ ನಿಧಾನಕ್ಕೆ ಇಳಿಯುತ್ತದೆ. ದಯವಿಟ್ಟು ಇದನ್ನು ಕುದಿಸಬೇಡಿ. ಪಾರ್ಮಿಜಾನೋ ಚೀಸ್ ಅಥವಾ ಸ್ಟ್ರಾಬೆರಿ ಮೇಲೆ ನಾಲ್ಕು ಹನಿ ಸಾಕು, ಅದ್ಭುತವಾಗಿರುತ್ತೆ!

‘ಐಜಿಪಿ’ (ತಯಾರಾದ ಪ್ರದೇಶವನ್ನು ತೋರಿಸುವ ಯುರೋಪಿನ ಗುರುತು) ಅಂತಿದ್ದರೆ ವೈನ್ ವಿನೆಗರ್ ಬೆರೆಸಿದ್ದು. ಮರದ ಪಾತ್ರೆಯಲ್ಲಿ 60 ದಿನ ಇಟ್ಟಿದ್ದರೂ ನಡೆಯುತ್ತದೆ. ಸಲಾಡ್‌ಗೆ ಅದೇ ಸರಿ, ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.