ಬೀಜ ಕೆಳಗಿಳಿದಿಲ್ಲ, ಆಪರೇಷನ್‌ಗೆ ಎಷ್ಟು ದಿನ ಕಾಯಬಹುದು?

ಪ್ರಶ್ನೆ: ನಮ್ಮ ಮಗನಿಗೆ 14 ತಿಂಗಳು. ಹುಟ್ಟಿದಾಗಿನಿಂದಲೂ ಬಲಗಡೆಯ ಬೀಜ ಚೀಲದಲ್ಲಿ ಇಲ್ಲ. ಮಕ್ಕಳ ಡಾಕ್ಟರು ಆಪರೇಷನ್ ಮಾಡಿಸಿ ಎನ್ನುತ್ತಾರೆ. ಅತ್ತೆ ಮಾತ್ರ ‘ಐದು ವರ್ಷದೊಳಗೆ ತಾನಾಗೇ ಇಳಿಯುತ್ತೆ, ಎಳೆಕೂಸಿಗೆ ಯಾಕೆ ಕತ್ತರಿ’ ಎನ್ನುತ್ತಾರೆ. ಅರಿವಳಿಕೆಯಿಂದ ಮಿದುಳಿಗೆ ತೊಂದರೆ ಎಂದೂ ಕೇಳಿದ್ದೇನೆ. ಮೊದಲು ಸ್ಕ್ಯಾನ್ ಮಾಡಿಸಲೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಆಪರೇಷನ್ ಮಾಡಿಸಿ. ಇನ್ನೂ ತಡವಾಗಿಲ್ಲ, ಆದರೆ ಇನ್ನು ಕಾದು ಸಿಗುವುದೂ ಏನಿಲ್ಲ.

ವೃಷಣಗಳು ಮೊದಲು ಇರುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಬಸಿರಿನ ಕೊನೆಯ ತಿಂಗಳುಗಳಲ್ಲಿ ತೊಡೆಸಂದಿನ ಮೂಲಕ ಚೀಲಕ್ಕೆ ಇಳಿಯುತ್ತವೆ. ದಿನ ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು ಮೂವರಿಗೆ ಒಂದೋ ಎರಡೋ ಮೇಲೆಯೇ ಉಳಿದಿರುತ್ತದೆ. ಹುಟ್ಟಿದ ಮೇಲಿನ ಮೊದಲ ಮೂರ್ನಾಲ್ಕು ತಿಂಗಳಲ್ಲಿ ಮಗುವಿನ ಮೈಯಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ಒಮ್ಮೆ ಏರುತ್ತದೆ. ತಾನಾಗೇ ಇಳಿಯುವಂಥದ್ದು ಬಹುಪಾಲು ಆಗಲೇ ಇಳಿದುಬಿಡುತ್ತದೆ. ಆರು ತಿಂಗಳು ದಾಟಿದರೆ ಅಪರೂಪ. ಅದಕ್ಕೇ 6ರಿಂದ 12 ತಿಂಗಳೊಳಗೆ, ತಪ್ಪಿದರೆ 18 ತಿಂಗಳೊಳಗೆ ಆಪರೇಷನ್ ಮುಗಿಸಬೇಕು ಎನ್ನುವುದು ಈಗಿನ ಸಲಹೆ. ದಿನ ತುಂಬುವ ಮುಂಚೆ ಹುಟ್ಟಿದ ಮಗುವಾದರೆ, ಹೆರಿಗೆಗೆ ಕೊಟ್ಟಿದ್ದ ದಿನದಿಂದ ಎಣಿಸಿ.

ನಿಮ್ಮ ಅತ್ತೆ ಸುಮ್ನೆ ಹೇಳುತ್ತಿಲ್ಲ. ಒಂದು ಕಾಲಕ್ಕೆ ಡಾಕ್ಟರುಗಳೇ ‘ಶಾಲೆಗೆ ಸೇರಿಸುವ ಮುಂಚೆ ಮಾಡಿಸಿದರೆ ಸಾಕು’ ಎನ್ನುತ್ತಿದ್ದರು. ಮೇಲೆ ಉಳಿದ ಬೀಜದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಶುರುವಾದ ಮೇಲೆ ಈ ಲೆಕ್ಕ ಬದಲಾಯಿತು. ಚೀಲ ಹೊಟ್ಟೆಗಿಂತ 2ರಿಂದ 4 ಡಿಗ್ರಿ ತಣ್ಣಗಿರುತ್ತದೆ. ಮುಂದೆ ವೀರ್ಯಾಣು ಕೊಡಬೇಕಾದ ಕೋಶಗಳಿಗೆ ಆ ತಂಪು ಬೇಕು. ಸಿಗದಿದ್ದರೆ ಮೊದಲ ವರ್ಷದಲ್ಲೇ ಅವು ಸರಿಯಾಗಿ ಬಲಿಯುವುದಿಲ್ಲ, ಆಮೇಲೆ ಎಣಿಕೆಯೂ ಇಳಿಯುತ್ತಾ ಹೋಗುತ್ತದೆ. ಐದು ವರ್ಷಕ್ಕೆ ಮಾಡಿಸಿದರೂ ಬೀಜ ಚೀಲಕ್ಕೆ ಬರುತ್ತದೆ. ಕಳೆದುಹೋದ ಕೋಶಗಳು ವಾಪಸ್ ಬರುವುದಿಲ್ಲ, ಅಲ್ವಾ? ಒಂದೇ ಕಡೆಯ ತೊಂದರೆ ಇದ್ದವರಲ್ಲಿ ಹೆಚ್ಚಿನವರು ಮುಂದೆ ತಂದೆಯಾಗುತ್ತಾರೆ. ಎರಡೂ ಕಡೆ ಇದ್ದರೆ ತಡಮಾಡಿದ್ದು ಜಾಸ್ತಿ ದುಬಾರಿ.

ಇನ್ನು ಕ್ಯಾನ್ಸರ್. 2007ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, 13 ವರ್ಷಕ್ಕೆ ಮುಂಚೆ ಆಪರೇಷನ್ ಆದವರಿಗೆ ವೃಷಣದ ಕ್ಯಾನ್ಸರ್ ಅಪಾಯ ಸಾಮಾನ್ಯ ಜನರಿಗಿಂತ ಸುಮಾರು ಎರಡು ಪಟ್ಟಿತ್ತು. ಆಮೇಲೆ ಆದವರಿಗೆ ಐದು ಪಟ್ಟಿಗೂ ಮೀರಿತ್ತು. ಈ ಕ್ಯಾನ್ಸರೇ ಅಪರೂಪದ್ದು, ಗಾಬರಿ ಬೇಡ.

ಸ್ಕ್ಯಾನ್ ಬೇಡ. ಅದರಲ್ಲಿ ಕಾಣದಿದ್ದ ಮಾತ್ರಕ್ಕೆ ಬೀಜ ಇಲ್ಲ ಎಂದಲ್ಲ. ಅನುಭವಿ ಮಕ್ಕಳ ಸರ್ಜನ್ ಕೈಯಲ್ಲಿ ಮುಟ್ಟಿ ನೋಡುವುದೇ ಮುಖ್ಯ ಪರೀಕ್ಷೆ. ಕೈಗೆ ಸಿಗದಿದ್ದರೆ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ, ಹುಡುಕುತ್ತಾರೆ. ಇಳಿಸುವ ಹಾರ್ಮೋನ್ ಇಂಜೆಕ್ಷನ್ನನ್ನೂ ಈಗ ಸಾಮಾನ್ಯವಾಗಿ ಕೊಡುವುದಿಲ್ಲ. ಎಣ್ಣೆ ಹಚ್ಚಿ ಕೆಳಕ್ಕೆ ನೀವುವುದಂತೂ ಬೇಡವೇ ಬೇಡ.

ಒಂದು ಮಾತ್ರ ಗಮನಿಸಿ. ಬಿಸಿನೀರು ಹಾಕುವಾಗ ಬೀಜ ಚೀಲಕ್ಕೆ ಬಂದು, ಚಳಿಗೆ ಮೇಲೆ ಸರಿಯುತ್ತದೆಯೇ? ಕೆಲವು ಮಕ್ಕಳಲ್ಲಿ ಅಲ್ಲಿನ ಸ್ನಾಯು ಹಾಗೆ ಎಳೆಯುತ್ತದೆ. ಅಂಥವರಿಗೆ ಆಪರೇಷನ್ ಬೇಕಿಲ್ಲ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ನಿಮ್ಮ ಮಗನಲ್ಲಿ ಹೀಗೆ ಕಂಡಿದ್ದರೆ ಸರ್ಜನ್‌ಗೆ ಹೇಳಿ.

ಅರಿವಳಿಕೆಯ ಭಯ ಎಲ್ಲ ಅಪ್ಪ ಅಮ್ಮಂದಿರಿಗೂ ಇರುತ್ತದೆ. ಹಸುಗೂಸಿನಲ್ಲಿ ಒಂದು ಗಂಟೆಗಿಂತ ಕಡಿಮೆ ಹೊತ್ತು ಅರಿವಳಿಕೆ ಪಡೆದು ಹರ್ನಿಯಾ ಆಪರೇಷನ್ ಆದ ಮಕ್ಕಳನ್ನು ಐದು ವರ್ಷ ವಯಸ್ಸಿನಲ್ಲಿ ಪರೀಕ್ಷಿಸಿದ್ದಾರೆ. ಎಚ್ಚರವಿದ್ದೇ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಭಾಗವನ್ನು ಮಾತ್ರ ಮರಗಟ್ಟಿಸಿಕೊಂಡವರಿಗಿಂತ ಅವರ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಮಗನ ಆಪರೇಷನ್ನೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನದು. ತೊಡೆಸಂದಿನಲ್ಲಿ ಸಣ್ಣ ಗಾಯ, ಸಾಮಾನ್ಯವಾಗಿ ಅದೇ ದಿನ ಮನೆಗೆ. ಜ್ವರ, ಕೆಮ್ಮು, ನೆಗಡಿ ಇದ್ದರೆ ಮಾತ್ರ ಕೆಲವು ವಾರ ಮುಂದೂಡುತ್ತಾರೆ.

ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಮಕ್ಕಳ ಸರ್ಜನ್‌ರನ್ನು ಈ ತಿಂಗಳೇ ಕಾಣಿ. ದಿನಾಂಕ ಸಿಗುವುದಕ್ಕೇ ಕೆಲವೆಡೆ ವಾರಗಟ್ಟಲೆ ಆಗುತ್ತದೆ. ಅಷ್ಟರೊಳಗೆ ಬಲಗಡೆಯ ತೊಡೆಸಂದಿನಲ್ಲಿ ಊದಿಕೊಂಡು ಮಗು ಬಿಡದೆ ಅತ್ತರೆ, ಬೀಜ ತಿರುಚಿಕೊಂಡಿರಬಹುದು ಅಥವಾ ಹರ್ನಿಯಾ ಸಿಕ್ಕಿಕೊಂಡಿರಬಹುದು. ಆಗ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೊರಡಿ.