‘ಜಾತಿ ವಿಷಯ ತರಬೇಡ’ ಅಂದ್ರೆ ಏನು ಮಾಡಲಿ?

ಪ್ರಶ್ನೆ: ಗೌರಿಬಿದನೂರಿನ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ಪ್ರೊಡಕ್ಷನ್ ಕಮ್ಮಿ ಬಂದರೆ ಸೂಪರ್‌ವೈಸರ್ ಎಲ್ಲ ಹೆಂಗಸರಿಗೂ ಬೈಯುತ್ತಾರೆ. ಎಸ್‌ಸಿ ಕಾಲೊನಿಯಿಂದ ಬರುವ ನಮಗೆ ಮಾತ್ರ ಜಾತಿ ಹಿಡಿದು, ಅಸಹ್ಯವಾಗಿ ಬೈಯುತ್ತಾರೆ. ಜೊತೆಯವರು, ‘ಹೆಂಗಸರೆಲ್ಲರ ಕಷ್ಟ ಒಂದೇ, ಜಾತಿ ತರಬೇಡ’ ಅನ್ನುತ್ತಾರೆ. ನಿಜವಾ?
– ಹೆಸರು ಬೇಡ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಇಲ್ಲ, ಒಂದೇ ಅಲ್ಲ. ನೀವು ಹೇಳುತ್ತಿರುವುದೇ ಸರಿ.

ಅಮೆರಿಕದಲ್ಲಿ ಐವರು ಕಪ್ಪು ಮಹಿಳೆಯರು ಜನರಲ್ ಮೋಟಾರ್ಸ್ ಎಂಬ ಕಾರು ಕಂಪನಿ ಮೇಲೆ ಕೇಸು ಹಾಕಿದ್ದರು. ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ನಿಯಮದಿಂದ ಅವರ ಕೆಲಸ ಹೋಗಿತ್ತು. ಕಂಪನಿ ಕಪ್ಪು ಮಹಿಳೆಯರನ್ನು ಸೇರಿಸಿಕೊಂಡಿದ್ದೇ ತಡವಾಗಿ. 1976ರಲ್ಲಿ ಕೋರ್ಟು, ಬಣ್ಣದ ಭೇದ ಅನ್ನಿ, ಇಲ್ಲವೇ ಹೆಣ್ಣೆಂಬ ಭೇದ ಅನ್ನಿ, ಎರಡನ್ನೂ ಸೇರಿಸಿ ಕೇಳುವಂತಿಲ್ಲ ಎಂದಿತು. ಕಚೇರಿಯಲ್ಲಿ ಬಿಳಿ ಹೆಂಗಸರಿದ್ದರು, ಕಾರ್ಖಾನೆಯಲ್ಲಿ ಕಪ್ಪು ಗಂಡಸರಿದ್ದರು. ನಡುವೆ ಇವರು ಯಾರ ಲೆಕ್ಕಕ್ಕೂ ಬರಲಿಲ್ಲ. 1989ರಲ್ಲಿ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ ಇದೇ ಕೇಸನ್ನು ಮುಂದಿಟ್ಟು ‘ಇಂಟರ್‌ಸೆಕ್ಷನಾಲಿಟಿ’ಯ ವಾದ ಕಟ್ಟಿದರು. ಅಂದರೆ, ಎರಡು ಭೇದಗಳು ಒಬ್ಬರ ಮೇಲೆ ಒಟ್ಟಿಗೆ ಬಿದ್ದಾಗ ಆಗುವ ಕಷ್ಟವೇ ಬೇರೆ, ಅದನ್ನು ಬಿಡಿಬಿಡಿಯಾಗಿ ನೋಡಿದರೆ ಕಾಣಿಸುವುದಿಲ್ಲ ಎಂಬ ವಾದ. ನಿಮ್ಮ ಜೊತೆಯವರು ನಿಮಗೆ ಹೇಳುತ್ತಿರುವುದೂ ಆ ಕೋರ್ಟಿನ ಮಾತೇ ಅಲ್ವಾ?

ಹಾಗಂತ ಹೆಂಗಸರ ಒಗ್ಗಟ್ಟು ಬೇಡ ಅಂತಲ್ಲ. ದೇಶದ ಗಡಿ ದಾಟಿದ ಒಗ್ಗಟ್ಟೂ ಸುಮ್ನೆ ಭಾಷಣವಲ್ಲ. ತಮಿಳುನಾಡಿನ ದಿಂಡಿಗಲ್ ನೋಡಿ. 2021ರಲ್ಲಿ ಅಲ್ಲಿನ ಗಾರ್ಮೆಂಟ್ಸ್‌ನ ದಲಿತ ಯುವತಿಯೊಬ್ಬಳ ಕೊಲೆಯಾಯಿತು. ಆರೋಪ ಬಂದಿದ್ದು ಸೂಪರ್‌ವೈಸರ್ ಮೇಲೆ. ದಲಿತ ಮಹಿಳೆಯರೇ ಮುನ್ನಡೆಸುವ ಕಾರ್ಮಿಕ ಸಂಘ ಹೊರದೇಶದ ಸಂಘಟನೆಗಳ ಜೊತೆ ಸೇರಿ ಹೋರಾಡಿತು. 2022ರಲ್ಲಿ ಕಂಪನಿಯ ಜೊತೆ ಒಪ್ಪಂದವಾಯಿತು. ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳೂ ಸಹಿ ಹಾಕಿದವು. ಹೆಂಗಸರ ಮೇಲಿನ ಕಿರುಕುಳದ ಜೊತೆಗೆ ಜಾತಿ ಭೇದವನ್ನೂ ತಡೆಯುವ ಮಾತು ಆ ಒಪ್ಪಂದದಲ್ಲಿತ್ತು. ಜಾತಿ ಮಾತೆತ್ತಿದ್ದರಿಂದ ಅವರ ಒಗ್ಗಟ್ಟು ಮುರಿಯಲಿಲ್ಲ. ಇದನ್ನು ನಿಮ್ಮ ಜೊತೆಯವರಿಗೆ ತಪ್ಪದೆ ಹೇಳಿ.

ಈಗ ನಿಮ್ಮ ದೂರು. ಅಸಹ್ಯ ಮಾತಿನ ಬಗ್ಗೆ, ಲೈಂಗಿಕ ಕಿರುಕುಳದ ದೂರು ಕೇಳುವ ಕಾರ್ಖಾನೆಯ ಆಂತರಿಕ ದೂರು ಸಮಿತಿಗೆ, ಬೈದ ದಿನದಿಂದ ಮೂರು ತಿಂಗಳೊಳಗೆ ಬರೆದು ಕೊಡಿ. ಜಾತಿ ನಿಂದನೆಗೆ, ಬೈದವರು ಪರಿಶಿಷ್ಟ ಜಾತಿ, ಪಂಗಡದವರಲ್ಲದಿದ್ದರೆ, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಪರಿಶಿಷ್ಟ ಜಾತಿಯ ಹೆಣ್ಣಿಗೆ ಲೈಂಗಿಕವಾಗಿ ಕೆಟ್ಟದಾಗಿ ಮಾತಾಡುವುದನ್ನು ಈ ಕಾಯ್ದೆ ಪ್ರತ್ಯೇಕ ಅಪರಾಧವಾಗಿಯೇ ನೋಡುತ್ತದೆ. ಹಾಗಾಗಿ ಎರಡೂ ಕಡೆ ಇಡೀ ಮಾತನ್ನು ಬರೆಯಿರಿ, ಜಾತಿಯ ಭಾಗ ಬಿಡಬೇಡಿ. ನಾಲ್ಕು ಜನರ ಎದುರು ಬೈದರು ಅನ್ನುವುದು ಜಾತಿ ನಿಂದನೆಯ ದೂರಿಗೆ ಮುಖ್ಯ. ತಾರೀಖು, ಆಗ ಪಕ್ಕದ ಮಷಿನ್‌ನಲ್ಲಿ ಯಾರಿದ್ದರು ಅನ್ನುವುದನ್ನು ಅವತ್ತೇ ಬರೆದಿಡಿ. ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಹಿಳೆಯರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.